ಬ್ಯಾರನ್ನಿನಲ್ಲಿ ಒಣಗಿಸಿದ ಹಲಗೆ

ಹಳೆಯ ಮೇಜಿನ ಡ್ರಾಯರ್ ಒಂದನ್ನು ಬಿಚ್ಚಲು ಹೋಗಿ ನನಗೆ ಮರಗೆಲಸದ ಹುಚ್ಚು ಹಿಡಿಯಿತು. ಅದರಲ್ಲಿ ಒಂದೂ ಮೊಳೆ ಇರಲಿಲ್ಲ. ಒಂದು ಹಲಗೆಯ ತುದಿಯಲ್ಲಿ ಪಾರಿವಾಳ ಬಾಲ ಬಿಚ್ಚಿದಂತೆ ಅಗಲವಾಗುತ್ತ ಹೋದ ಹಲ್ಲುಗಳು; ಇನ್ನೊಂದರಲ್ಲಿ ಅವು ಕೂರುವ ಸಂದುಗಳು. ಎಳೆದಷ್ಟೂ ಬಿಗಿ. ಹೊಗೆಸೊಪ್ಪು ಬೆಳೆದೇ ಮುದುಕನಾದ ನನಗೆ ಇದನ್ನು ಮಾಡಿ ನೋಡಲೇಬೇಕೆನಿಸಿತು.

ಹುಣಸೂರಿನ ಅಂಗಡಿಯಲ್ಲಿ ಇದಕ್ಕೆ ಹತಾರ ಕೇಳಿದರೆ ಮೆಷಿನ್ ತೋರಿಸಿದರು. ಕೊರೆಯುವುದು ಅದು, ನಾನಲ್ಲ ಎಂದು ಬಿಟ್ಟು ಬಂದೆ. ಮನೆಯ ಗರಗಸ ಸೌದೆಗೆ ಸರಿ. ಇಲ್ಲಿ ಅದು ಗೆರೆಯನ್ನೇ ತಿಂದುಹಾಕಿತು. ಕೊನೆಗೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ತುದಿಗೆ ಬಟ್ಟೆ ಸುತ್ತಿ ಹಿಡಿದೆ. ಕೆಲಸ ನಿಧಾನ, ಆದರೆ ಸೀಳು ತೆಳು. ಕಿರಿದೊಂದು, ಅಗಲದ್ದೊಂದು ಉಳಿ ಕೊಂಡೆ. ಮೊದಲು ಬಾಲದ ಹಲ್ಲು ಕೊಯ್ದು, ಆ ಹಲಗೆಯನ್ನೇ ಎರಡನೆಯ ಹಲಗೆಯ ಮೇಲಿಟ್ಟು ಗುರುತು ಮಾಡುವುದು ಸುಲಭ ಎಂದು ಕೆಡಿಸಿ ಕೆಡಿಸಿ ಕಲಿತೆ. ಗುರುತಿಗೆ ಪೆನ್ಸಿಲ್ ಬೇಡ, ಚಾಕು ಬೇಕು. ಚಾಕುವಿನ ಗೀರಿನಲ್ಲಿ ಉಳಿ ತಾನೇ ಹೋಗಿ ಕೂರುತ್ತದೆ.

ಆದರೂ ನಾನು ಕೂರಿಸಿದ ಮೊದಲ ಮೂಲೆ ವಾರದೊಳಗೆ ಸಡಿಲವಾಯಿತು. ಹಲಸಿನ ಹಲಗೆ ಹಸಿಯಿತ್ತು. ಒಣಗಲು ವರ್ಷ ಬೇಕು ಎಂದರು ಹಲಗೆ ಕೊಯ್ದುಕೊಟ್ಟ ಸಾಮಿಲ್ಲಿನವರು. ಮನೆಯ ಪಕ್ಕದಲ್ಲೇ ಹೊಗೆಸೊಪ್ಪು ಹದ ಮಾಡುವ ತಮ್ಮನ ಬ್ಯಾರನ್ನಿಗೆ ಬೆಂಕಿ ಹಾಕಿತ್ತು. ಹಸಿ ಸೊಪ್ಪನ್ನು ಕೆಲವೇ ದಿನಗಳಲ್ಲಿ ಒಣಗಿಸುವ ಮನೆ ಹಲಗೆಯನ್ನು ಒಣಗಿಸದೇ?

ಬೆಂಕಿ ನೋಡಿಕೊಳ್ಳುವವನು ಊಟಕ್ಕೆ ಹೋದಾಗ ಬಾಗಿಲು ತೆಗೆದು ಹಲಗೆಗಳನ್ನು ಒಳಗೆ ಒರಗಿಸಿದೆ. ಮಗುಚಲು ಮರುದಿನ ಮತ್ತೆ ತೆಗೆದೆ. ಸೊಪ್ಪಿಗೆ ಬಣ್ಣ ಕೂರುವ ಹೊತ್ತಿನಲ್ಲಿ ಬಾಗಿಲು ತೆಗೆದು ಕಾವು ಇಳಿಸಬಾರದು. ಗೊತ್ತಿದ್ದೇ ತೆಗೆದೆ. ಸೊಪ್ಪು ಇಳಿಸುವ ಮೊದಲು ಹಲಗೆಗಳನ್ನು ಯಾರೂ ಕಾಣದಂತೆ ಹಿತ್ತಿಲಿಗೆ ಸಾಗಿಸಿದೆ.

ಬಾಗಿಲ ಬದಿಯ ಸೊಪ್ಪೆಲ್ಲ ಮಚ್ಚೆ ಮಚ್ಚೆಯಾಗಿತ್ತು. ಬೆಂಕಿ ಆರಲು ಬಿಟ್ಟು ಮಲಗಿದ್ದೀಯ ಎಂದು ತಮ್ಮ ಬೆಂಕಿ ನೋಡಿಕೊಳ್ಳುವವನನ್ನು ಬೈದ. ಇನ್ನು ಬರಬೇಡ ಎಂದ. ನಾನು ಅಲ್ಲೇ ಕೂತು ಕೇಳಿದೆ. ಆಗಲೂ ನನ್ನ ಮನಸ್ಸು ಹಿತ್ತಿಲಿನಲ್ಲಿತ್ತು: ಈಗ ಬಾಲ ಬಿಗಿಯಾಗಿ ಕೂರುವುದೇ?

ಕೂರಲಿಲ್ಲ. ಹಲಗೆಗಳು ಮೇಲೆ ಒಣಗಿ, ಒಳಗೆ ಹಸಿಯಾಗಿಯೇ ಉಳಿದು ದೋಣಿಯಂತೆ ಬಾಗಿದ್ದವು. ಉಳಿ ಇಟ್ಟರೆ ಸೀಳುತ್ತಿದ್ದವು. ಮಾಡಲು ಕೆಲಸವಿಲ್ಲದೆ ಕೂತಾಗ, ಕೆಲಸ ಕಳೆದುಕೊಂಡ ಅವನು ಈಗ ಏನು ಮಾಡುತ್ತಿರಬಹುದು ಎಂಬುದು ತಲೆಗೆ ಬಂತು. ಎದ್ದು ಹೋಗಿ ಬಾಗಿಲು ತೆಗೆದವನು ನಾನೇ ಎಂದು ತಮ್ಮನಿಗೆ ಹೇಳಿದೆ.

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಆಮೇಲೆ, "ಅವುನ್ನ ಬೈವಾಗ ಪಕ್ದಲ್ಲೇ ಕುಂತಿದ್ದೆಯಲ್ಲಣ್ಣ. ನಂಗೇಳಿ ಏನ್ ಬಂತು? ನಡಿ, ಅವ್ನಿಗೇಳು" ಎಂದ.

ಅವನ ಊರಾದ ಹನಗೋಡಿಗೆ ಇಬ್ಬರೂ ಹೋದೆವು. ಅವನು ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಎಲ್ಲ ಹೇಳಿ ಕೈ ಮುಗಿದೆ; ತಮ್ಮನೂ ತಪ್ಪಾಯಿತು ಎಂದ. ಅವನು ಕೂರಿ ಎನ್ನಲಿಲ್ಲ. ಹುಲ್ಲು ಹಾಕಿ ಮುಗಿಸಿ ನನ್ನ ಕಡೆ ತಿರುಗಿದ.

"ಅಲ್ಗೆ ಒಣಗುದ್ವಾ, ಯಜಮಾನ್ರೇ?"

"ಇಲ್ಲ ಕಣಪ್ಪ. ಸೀಳೋದ್ವು."

"ಮತ್ತೆ ನನ್ ಎಸ್ರು ಸುಮ್ಕೆ ಕೆಡಿಸಿದ್ರಲ್ಲ."

ಮುಂದಿನ ಸೊಪ್ಪು ಏರಿಸುವಾಗ ಬರುತ್ತೇನೆ, ಆದರೆ ಬ್ಯಾರನ್ನಿನ ಬೀಗದ ಕೈ ತನ್ನ ಹತ್ತಿರವೇ ಇರಬೇಕು, ಅದನ್ನು ಊರವರ ಎದುರಿಗೇ ಕೊಡಬೇಕು ಎಂದ. ತಮ್ಮ ಒಪ್ಪಿದ. ಆ ದಿನ ಊರವರ ಎದುರು ಬೀಗದ ಕೈ ಕೊಟ್ಟವನು ನಾನು. ಯಾಕೆಂದು ಕೇಳಿದವರಿಗೆಲ್ಲ ಕಾರಣವನ್ನೂ ಹೇಳಿದೆ.