ಶಾಂತಕ್ಕ ಸುಮ್ಮನಿರಬೇಕಿತ್ತು

ವಡೋದರಾದಲ್ಲಿ ನಮ್ಮ ಎದುರುಮನೆಯ ಮಾಧವರಾಯರು ಸಣ್ಣ ಆಪರೇಷನ್ನಿಗೆಂದು ಆಸ್ಪತ್ರೆಗೆ ಹೋಗಿದ್ದರು. ಅರಿವಳಿಕೆ ಕೊಟ್ಟವರ ಅಜಾಗರೂಕತೆಯಿಂದ ಮೆದುಳಿಗೆ ಪೆಟ್ಟಾಗಿ, ನೆನಪೂ ಹಿಂದಿಯೂ ಹೋಗಿ, ಬರೀ ಕನ್ನಡ ಉಳಿಯಿತು. ಅವರ ಹೆಂಡತಿ ಶಾಂತಕ್ಕನಿಗೆ ಹಿಂದಿ ತರಕಾರಿಯಂಗಡಿಗೆ ಸಾಕಾಗುವಷ್ಟೇ. ಹಾಗಾಗಿ ಆಸ್ಪತ್ರೆಯ ಮೇಲೆ ಕೇಸು ಹಾಕಲು ಮಂಜಲ್‌ಪುರದ ವಕೀಲರ ಹತ್ತಿರ ಹೋದಾಗ ನಾನೇ ದುಭಾಷಿ.

ಪ್ರತಿ ಪ್ರಶ್ನೆಗೂ ಶಾಂತಕ್ಕ ಗಂಡನ ಕಿವಿಯಲ್ಲಿ ಉತ್ತರ ಉಸುರುತ್ತಿದ್ದರು.

"ಹೇಳಿಕೊಟ್ಟರೆ ಕೇಸು ನಿಲ್ಲೋದಿಲ್ಲ, ಸುಮ್ಮನಿರಬೇಕಂತೆ," ಎಂದೆ.

"ಪರರ ಮುಂದೆ ಅವರು ತಡವರಿಸೋದನ್ನ ಹೇಗಪ್ಪಾ ನೋಡಲಿ?" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ವಕೀಲರು ರಾಯರನ್ನು ಹೆಂಡತಿಯ ಹೆಸರು ಕೇಳಿದರು. ರಾಯರು ಆಕೆಯನ್ನು ತುಂಬ ಹೊತ್ತು ನೋಡಿ, "ಹೆಸರು ಗೊತ್ತಿಲ್ಲ. ಬಹಳ ಒಳ್ಳೆಯವರು," ಎಂದರು.

ನಮ್ಮ ಕೇಸು ಗಟ್ಟಿಯಾಯಿತೆಂದು ವಕೀಲರು ಹಿಂದಿಯಲ್ಲಿ ಸಂತೋಷಪಟ್ಟರು. ಅದೊಂದನ್ನು ಮಾತ್ರ ನಾನು ಕನ್ನಡಕ್ಕೆ ತರಲಿಲ್ಲ.