ಕ್ಲಚ್ ಇಲ್ಲದ ಜೀಪು

ಹೊಸ ಜೀಪಿನ ಫೋಟೊ ನಮ್ಮ ಗುಂಪಿಗೆ ಬಂದಾಗ ನಾನು ಅಂಗಡಿಯಲ್ಲಿ ಒಬ್ಬರ ಸೀರೆಗೆ ರವಿಕೆ ಬಟ್ಟೆ ಹೊಂದಿಸುತ್ತಿದ್ದೆ. ದುರ್ಗಿಗುಡಿಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಫೋನು ಟಣ್ ಎಂದಿತು, ಮತ್ತೆ ಎಂದಿತು, ಆಮೇಲೆ ನಿಲ್ಲಲೇ ಇಲ್ಲ. ಯಾರಿಗೋ ಏನೋ ಆಗಿಹೋಯಿತೆಂದು ಎದೆ ಧಸಕ್ಕೆಂದಿತು. ತೆರೆದು ನೋಡಿದರೆ ಒಂದು ಜೀಪು, ಅದರ ಕೆಳಗೆ ರಾಶಿ ರಾಶಿ ಬೈಗುಳ.

ಗುಂಪು ಎಂದರೆ ಶಿವಮೊಗ್ಗ, ಭದ್ರಾವತಿಯ ಹಳೇ ಜೀಪಿನ ಹುಚ್ಚರು. ಎಲ್ಲರ ಬಳಿಯೂ ಒಂದೇ ಕಂಪನಿಯ ಜೀಪು. ತಗಡಿನ ಮೈ, ಟಾರ್ಪಾಲಿನ ಮಾಡು, ಮಾತಾಡಿದರೆ ಕೇಳಿಸದಷ್ಟು ಸದ್ದು. ಭಾನುವಾರ ಬೆಳಿಗ್ಗೆ ಭದ್ರಾವತಿ ರಸ್ತೆಯ ಒಂದು ಹೋಟೆಲಿನ ಮುಂದೆ ಸೇರಿ, ಇಡ್ಲಿ ತಿಂದು, ಎಲ್ಲಿ ಕೆಸರಿದೆಯೋ ಅಲ್ಲಿಗೇ ಹುಡುಕಿಕೊಂಡು ಹೋಗುವವರು. ಬುದ್ಧಿ ಇರುವವರು ಕೆಸರು ಬಿಟ್ಟು ರಸ್ತೆ ಹಿಡಿಯುತ್ತಾರೆ, ನಾವು ರಸ್ತೆ ಬಿಟ್ಟು ಕೆಸರು ಹಿಡಿಯುತ್ತೇವೆ. ಅದೇ ಕಂಪನಿ ಈಗ ತನ್ನ ಜೀಪುಗಳನ್ನೆಲ್ಲ ಹೊಸದಾಗಿ ಮಾಡಿ ಬಿಡುತ್ತಿದೆಯಂತೆ. ಗಟ್ಟಿ ಮಾಡು, ಎದುರಿಗೆ ದೊಡ್ಡ ಪರದೆ, ತಾನೇ ಬದಲಾಗುವ ಗೇರು, ನಾಲ್ಕೂ ಚಕ್ರ ತಿರುಗಿಸಲು ಒಂದು ಬಟನ್.

ಅಡಿಕೆ ಮಂಡಿಯ ಸ್ನೇಹಿತರು ಧ್ವನಿ ಸಂದೇಶ ಕಳಿಸಿದ್ದರು. ಅವರು ಮಂಡಿಯಲ್ಲಿ ಹರಾಜು ಕೂಗಿ ಕೂಗಿ ಪಿಸುಮಾತನ್ನೂ ಕೂಗಿಯೇ ಆಡುವವರು. "ಏನ್ರೀ ಇದು, ಜೀಪಾ, ಬ್ಯೂಟಿ ಪಾರ್ಲರಾ? ಸೀಟಿನೊಳಗಿಂದ ತಣ್ಣಗೆ ಗಾಳಿ ಬರುತ್ತಂತೆ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಇದು ಖುಲ್ಲಂಖುಲ್ಲಾ ದಗಾ!" ಭದ್ರಾವತಿಯ ಸ್ನೇಹಿತರದು ಇನ್ನೊಂದು ಗೋಳು. ಅವರು ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿ ನಿವೃತ್ತರಾದವರು, ಮನೆಮಾತು ತಮಿಳು. "ಅಯ್ಯೋ ಮುರುಗಾ, ಇದ್ರಲ್ಲಿ ಕಬ್ಣ ಎಲ್ಲಿದೆ ಮೇಡಂ? ಮುಂದ್ಗಡೆ ತಟ್ಟಿದ್ರೆ ಬಿಂದಿಗೆ ತಟ್ದಂಗೆ ಶಬ್ದ ಬರುತ್ತೆ, ನೋಡ್ತಾ ಇರಿ!"

ನಾನು ಸುಮ್ಮನಿರುವವಳೇ? ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಗಿರಾಕಿಯನ್ನು ನಿಲ್ಲಿಸಿಕೊಂಡೇ ಬರೆದೆ: "ಬಟನ್ ಒತ್ತಿ ಗುಡ್ಡ ಹತ್ತೋದಾದ್ರೆ ಲಿಫ್ಟಲ್ಲೇ ಹೋಗಿ." ನಗುವ ಮುಖಗಳು ಸಾಲುಸಾಲಾಗಿ ಬಂದವು. ಆ ಮಧ್ಯಾಹ್ನವೆಲ್ಲ ಖುಷಿಯಲ್ಲೇ ಇದ್ದೆ.

ಸಂಜೆ ವಿದ್ಯಾನಗರದ ಮನೆಗೆ ಬಂದಾಗ ನಮ್ಮ ಮನೆಯವರು ಫೋನಿನಲ್ಲಿ ಅದೇ ಜೀಪಿನ ವಿಡಿಯೊ ನೋಡುತ್ತಿದ್ದರು. ನನ್ನ ಲಿಫ್ಟಿನ ಮಾತನ್ನು ಅವರೂ ಓದಿರಬೇಕು. ನಗಲಿಲ್ಲ. ಒಂದೇ ಒಂದು ಮಾತು ಕೇಳಿದರು.

"ಅದಕ್ಕೆ ಕ್ಲಚ್ಚಿಲ್ವಂತಲ್ಲ?"

ನನಗೆ ಎಲ್ಲೋ ಚುರುಕ್ಕೆಂದಿತು. "ಇಲ್ಲದಿದ್ರೆ ಇಲ್ಲ, ಏನೀಗ?" ಎಂದು ಒಳಗೆ ಹೋದೆ.

ಅವರು ಪಂಪ್‌ಸೆಟ್ ವ್ಯಾಪಾರ ಮಾಡುತ್ತಿದ್ದವರು. ಯಾವ ತೋಟದಲ್ಲಿ ಮೋಟರು ಕೆಟ್ಟು ಕೂತರೂ ಒಬ್ಬರೇ ಜೀಪು ಹತ್ತಿ ಹೊರಡುತ್ತಿದ್ದರು. ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಕೈ ಬಂತು, ಮಾತು ಬಂತು, ಎಡಗಾಲು ಮಾತ್ರ ಪೂರ್ತಿ ಬರಲಿಲ್ಲ. "ಕ್ಲಚ್ ತುಳಿಯೋದನ್ನ ಮರೆತುಬಿಡಿ, ಉಳಿದದ್ದೆಲ್ಲ ಮಾಡಿ," ಎಂದಿದ್ದರು ಡಾಕ್ಟರು. ಕ್ಲಚ್ ಬಿಟ್ಟು ಜೀಪು ಓಡಿಸುವುದು ಹೇಗೆ? ವ್ಯಾಪಾರ ಬಿಟ್ಟುಕೊಟ್ಟರು. ಸ್ಟೀರಿಂಗು ನನ್ನ ಕೈಗೆ ಬಂತು. ದುರ್ಗಿಗುಡಿಯ ಇಕ್ಕಟ್ಟಿನಲ್ಲಿ ನಾನು ಆ ಜೀಪು ತಿರುಗಿಸುವಾಗ ಜನ ನಿಂತು ನೋಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಅದು ತುಂಬಾ ಹಿಡಿಸಿತ್ತು.

ಆದರೆ ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಹಳೇ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಬರಬೇಕಾದರೆ ಒಳಗೆ ಲಿವರ್ ಎಳೆದರಷ್ಟೇ ಸಾಲದು, ಕೆಳಗಿಳಿದು ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಗುಬಟನ್ನೂ ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಹಾಗೆ ಇಳಿಯುವುದು ಎಡಗಡೆ ಕೂತವರ ಕೆಲಸ. ಓಡಿಸುವವರು ಇಳಿಯಬಾರದು. ನಮ್ಮ ಮನೆಯವರು ಓಡಿಸುತ್ತಿದ್ದಷ್ಟು ವರ್ಷವೂ ಸೆರಗು ಸಿಕ್ಕಿಸಿಕೊಂಡು ಕೆಸರಿಗಿಳಿದವಳು ನಾನು. ಈಗ ಎಡಗಡೆ ಅವರು ಕೂರುತ್ತಾರೆ, ಆದರೆ ಇಳಿಯಲಾರರು. ಹಾಗಾಗಿ ಓಡಿಸುವವಳೂ ನಾನೇ, ಇಳಿಯುವವಳೂ ನಾನೇ. ಒಮ್ಮೆ ಹತ್ತಿಸಿ ಕೂರಿಸಿದಾಗ ಅವರು "ಮೂಟೆ ಭದ್ರವಾಯ್ತಾ?" ಎಂದು ಕೇಳಿದ್ದರು. ತಮಾಷೆಗೇ ಕೇಳಿದ್ದು. ನನಗೆ ಆ ದಿನ ಊಟ ಸೇರಲಿಲ್ಲ.

ಆ ವಾರವಿಡೀ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಅವರು ವಿಡಿಯೊ ನೋಡುತ್ತಾರೆ, ನಾನು ಪಾತ್ರೆ ಕುಕ್ಕುತ್ತೇನೆ. ಅವರು ಬೇಕು ಎನ್ನಲಿಲ್ಲ, ನಾನು ಬೇಡ ಎನ್ನಲಿಲ್ಲ. ಗುಂಪಿನಲ್ಲಿ ಮಾತ್ರ ನನ್ನ ಬೈಗುಳ ದಿನದಿಂದ ದಿನಕ್ಕೆ ಜೋರಾಯಿತು. ಮಲಗಿದರೆ ನಿದ್ದೆಯಿಲ್ಲ, ಅಂಗಡಿಯಲ್ಲಿ ಹಸಿರು ಕೇಳಿದವರಿಗೆ ನೀಲಿ ಹರಿದುಕೊಟ್ಟೆ.

ಭಾನುವಾರ ಎಂದಿನಂತೆ ಹೊರಟೆವು. ಭದ್ರಾವತಿ ದಾಟಿ ನಾಲೆ ಏರಿಯ ಪಕ್ಕ, ಗದ್ದೆಗಿಳಿಯುವ ಬಂಡಿದಾರಿ. ಹಿಂದಿನ ದಿನ ಮಳೆ ಬಿದ್ದು ಪಾಯಸದ ಹದದಲ್ಲಿತ್ತು. ನಾನು ಇಳಿದು ನನ್ನ ಕಡೆಯ ಗುಬಟು ತಿರುಗಿಸಿ ಆ ಕಡೆಗೆ ಹೋಗುವಷ್ಟರಲ್ಲಿ, ಹಿಂದೆ ನಿಂತಿದ್ದ ಮಂಡಿಯವರು ಕೂಗಿದರು. "ಮೇಡಂ, ಗೊತ್ತಾಯ್ತಾ? ನಮ್ಮ ಮಾಡೆಲ್ಲು ಪೂರಾ ಬಂದ್ ಅಂತೆ! ಇನ್ಮೇಲೆ ಬಟನ್ನಿಂದೊಂದೇ!"

ನನಗೆ ರೇಗಿತು. ಅಲ್ಲೇ ನಿಂತು ಕೈ ಬೀಸಿ ಬೀಸಿ ಭಾಷಣ ಬಿಗಿದೆ. ಕೈ ಕೆಸರು ಮಾಡಿಕೊಳ್ಳದವರಿಗೆ ಜೀಪು ಯಾಕೆ, ಕಾರು ತಗೊಳ್ಳಲಿ, ಮನುಷ್ಯ ಮಾಡುವ ಕೆಲಸವನ್ನೆಲ್ಲ ಬಟನ್ನೇ ಮಾಡಿದರೆ ಮನುಷ್ಯ ಯಾಕೆ ಇರಬೇಕು, ಇನ್ನೂ ಏನೇನೋ. ಭದ್ರಾವತಿಯವರು ಚಪ್ಪಾಳೆ ತಟ್ಟಿದರು. ಅದೇ ಹುರುಪಿನಲ್ಲಿ ಹತ್ತಿ ಕೂತು, ಲಿವರ್ ಎಳೆದು, ನುಗ್ಗಿಸಿದೆ.

ಬಂಡಿದಾರಿಯ ನಡುವೆ ಜೀಪು ಹೂತುಹೋಯಿತು. ಒತ್ತಿದಷ್ಟೂ ಇಳಿಯಿತು. ಹಿಂದಿನ ಚಕ್ರ ಕೆಸರು ಎರಚುತ್ತಿದೆ, ಮುಂದಿನದಕ್ಕೆ ಜೀವವೇ ಇಲ್ಲ. "ಥೂ, ಏನು ಮಣ್ಣಪ್ಪಾ ಇದು!" ಎಂದು ಬೈದೆ. ಎಲ್ಲರೂ ಇಳಿದು ಬಂದರು. ಮಂಡಿಯವರು ಎಡಗಡೆಯ ಚಕ್ರ ನೋಡಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ಮೇಡಂ, ಈ ಕಡೆ ಲಾಕೇ ಹಾಕಿಲ್ಲ ನೀವು!"

ಒಂದು ಕಡೆ ಹಾಕದಿದ್ದರೆ ಇನ್ನೊಂದು ಕಡೆ ಹಾಕಿಯೂ ಹಾಕದಂತೆಯೇ. ಕೈಯಿಂದ ಮಾಡುವ ಕೆಲಸದ ಮೇಲೆ ಅಷ್ಟುದ್ದ ಭಾಷಣ ಮಾಡಿ, ಆ ಭಾಷಣದ ಭರಾಟೆಯಲ್ಲಿ ಕೈಯಿಂದ ಮಾಡಬೇಕಾದ್ದನ್ನೇ ಮರೆತಿದ್ದೆ. ನಾಚಿಕೆಯಿಂದ ಸಾಯುವಂತಾಯಿತು. ಹಗ್ಗ ಕಟ್ಟಿ ಎಳೆದರು, ಹಿಂದಿನಿಂದ ನೂಕಿದರು. ಅಷ್ಟು ಹೊತ್ತೂ ನಮ್ಮ ಮನೆಯವರು ಎಡಗಡೆಯ ಸೀಟಿನಲ್ಲಿ, ಎಲ್ಲರೂ ತಮ್ಮನ್ನೂ ಸೇರಿಸಿ ನೂಕುತ್ತಿರುವುದನ್ನು ನೋಡುತ್ತ ಕೂತಿದ್ದರು.

ವಾಪಸು ಬರುವಾಗ ಕೇಳಿದೆ. "ನೀವು ಎಡಗಡೇನೇ ಇದ್ರಲ್ಲ, ನಾನು ಆ ಕಡೆ ಬರ್ಲಿಲ್ಲ ಅಂತ ಕಾಣ್ಲಿಲ್ವಾ?"

"ಕಂಡಿತ್ತು."

"ಮತ್ತೆ ಹೇಳ್ಬಾರ್ದಿತ್ತಾ ಮಾರಾಯ್ರೆ? ಎಲ್ಲರ ಮುಂದೆ ಮಾನ ಹೋಯ್ತು!"

ಅವರು ಹೊರಗೆ ನೋಡುತ್ತಲೇ ಹೇಳಿದರು. "ಇಳಿದು ಹಾಕೋಕೆ ಆಗದವನು, ಅಲ್ಲಿ ಹಾಕು ಇಲ್ಲಿ ಹಾಕು ಅಂತ ಬರೀ ಬಾಯಲ್ಲಿ ಎಷ್ಟು ದಿನ ಹೇಳೋದು? ನಂಗೆ ಸಾಕಾಗಿದೆ ಕಣೇ. ಒಂದ್ಸಲ ಓಡಿಸ್ಬೇಕು ನಾನು. ಅಷ್ಟೇ."

ಶಿವಮೊಗ್ಗ ಬರುವಷ್ಟರಲ್ಲಿ ನನಗೆ ಒಂದು ವಿಷಯ ಹೊಳೆದಿತ್ತು. ನಾನು ಇಷ್ಟು ದಿನ ಬೈದದ್ದು ಬಟನ್ನನ್ನಲ್ಲ, ನನ್ನ ಕೈಯಿಂದ ಸ್ಟೀರಿಂಗು ಹೋಗುತ್ತದಲ್ಲ ಎಂಬ ಹೆದರಿಕೆಗೆ ಬೈದದ್ದು. ಅದು ಗೊತ್ತಾದ ಮೇಲೂ ಹೆದರಿಕೆ ಹೋಗಲಿಲ್ಲ, ಆದರೆ ಬೈಯುವ ಬಾಯಿ ಕಟ್ಟಿತು.

ಮರುದಿನವೇ ಶೋರೂಮಿಗೆ ಹೋದೆವು. ಅಲ್ಲಿನ ಸೇಲ್ಸ್‌ನವರು ಪರದೆಯ ಮೇಲೆ ಬೆರಳಾಡಿಸಿ ಅದು ಇದು ತೋರಿಸಿದರು. ಇವರು ಯಾವುದನ್ನೂ ನೋಡಲಿಲ್ಲ. ಬಾಗಿಲ ಪಕ್ಕದ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು, ಕೆಳಗಿನ ಮೆಟ್ಟಿಲಿಗೆ ಬಲಗಾಲಿಟ್ಟು, ಎಡಗಾಲನ್ನು ಎಳೆದುಕೊಂಡು, ತಾವೇ ಹತ್ತಿ ಕೂತರು. ನಾನು ಹಿಡಿಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಓಡಿಸಿ ನೋಡಲೆಂದು ಸಾಗರ ರಸ್ತೆಯಲ್ಲಿ ತ್ಯಾವರೆಕೊಪ್ಪದ ಕಡೆಗೆ ಹೊರಟೆವು. ಮೊದಲು ತೀರ ನಿಧಾನ. ಹಿಂದಿನವರು ಹಾರನ್ ಹೊಡೆದರು. ನನ್ನ ಕಾಲು ಎಡಗಡೆಯ ಖಾಲಿ ನೆಲದಲ್ಲಿ ಬ್ರೇಕು ಹುಡುಕುತ್ತಿತ್ತು. "ನೋಡ್ಕೊಳ್ಳಿ, ನೋಡ್ಕೊಳ್ಳಿ" ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಅಷ್ಟರಲ್ಲಿ ಒಂದು ಖಾಸಗಿ ಬಸ್ಸು ಬಲಗಡೆಯಿಂದ ನುಗ್ಗಿ ನಮ್ಮ ಮೂಗಿಗೇ ಅಡ್ಡ ಬಂತು. ಇವರು ಪಕ್ಕಕ್ಕೆಳೆದು, ಕಿಟಕಿ ಇಳಿಸಿ, ಕತ್ತು ಹೊರಗೆ ಹಾಕಿ ಕೂಗಿದರು.

"ಲೇ ಲೇ ಲೇ! ನಿಮ್ಮಪ್ಪನ ರಸ್ತೇನೇನೋ ಇದು? ಕಣ್ಣು ಕಿತ್ತು ಜೇಬಲ್ಲಿಟ್ಕೊಂಡಿದ್ದೀಯೇನೋ?"

ಹಿಂದೆ ಕೂತಿದ್ದ ಸೇಲ್ಸ್‌ನವರು ಬೆಚ್ಚಿಬಿದ್ದರು. ನನಗೆ ಅಳು ಬಂತು. ಆ ಬೈಗುಳ ಕೇಳಿ ಎರಡು ವರ್ಷವಾಗಿತ್ತು. ಲಕ್ವ ಹೊಡೆದ ಮೇಲೆ ಅವರು ಯಾರ ಮೇಲೂ ದನಿ ಎತ್ತಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್ ಹೇಳುವ ಮನುಷ್ಯನಾಗಿಬಿಟ್ಟಿದ್ದರು.

ಬುಕ್ ಮಾಡಿದೆವು. ಮನೆಯ ಮುಂದೆ ಇದ್ದದ್ದು ಒಂದೇ ಜೀಪಿನ ಜಾಗ, ಹಳೆಯದು ಹೋಗಲೇಬೇಕಾಗಿತ್ತು. ಭಾನುವಾರ ಹೋಟೆಲಿನ ಮುಂದೆ ಗುಂಪಿಗೆ ನಾನೇ ಹೇಳಿದೆ. ಇಡ್ಲಿ ತಿನ್ನುವ ಕೈಗಳು ನಿಂತವು. ಮಂಡಿಯವರಿಗೆ ಮಾತೇ ಹೊರಡಲಿಲ್ಲ. ಅವರಿಗೆ ಮಾತು ಹೊರಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಶುರುವಾಯಿತು. "ಲಿಫ್ಟು ಅಂದವ್ರು ನೀವೇ! ಚಪ್ಪಾಳೆ ಹೊಡೆಸ್ಕೊಂಡವ್ರು ನೀವೇ! ನಾಲಿಗೆಗೆ ಮೂಳೆ ಇಲ್ಲ ಅಂತ ಹೀಗಾ?"

"ಬೈರಿ, ಇನ್ನೂ ಬೈರಿ," ಎಂದೆ. "ಆದ್ರೆ ಇವ್ರು ಓಡಿಸ್ಬೇಕು. ಆ ಜೀಪು ಓಡಿಸೋಕಾಗುತ್ತೆ, ಇದನ್ನ ಓಡಿಸೋಕಾಗಲ್ಲ. ನಂಗೆ ಬೇರೇನೂ ಗೊತ್ತಿಲ್ಲ."

ಸ್ವಲ್ಪ ಹೊತ್ತಿಗೆ ಭದ್ರಾವತಿಯವರು ನಮ್ಮ ಮನೆಯವರ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ ಕೇಳಿದರು. "ಸಾರ್, ಹತ್ತೋಕೆ ಮೆಟ್ಲಿದೆಯಾ? ಮೊಣಕಾಲು ಬಗ್ಗಿಸ್ಬೇಕಾಗಿಲ್ವಾ?" ಮಂಡಿಯವರಿಗೆ ಅದೂ ಕೇಳಿಸಿತು. "ಓಹೋ, ಇವರೂ ಹೋದ್ರು!" ಎಂದು ಹಣೆ ಚಚ್ಚಿಕೊಂಡರು. ಆಮೇಲೆ ನಮ್ಮ ಹಳೇ ಜೀಪನ್ನು ತಾವೇ ತಗೊಂಡರು, ಬೇರೆ ಯಾರಿಗೂ ಕೊಡಬೇಡಿ ಎಂದು ಜಗಳ ಮಾಡಿ. ಅದು ಬೀದಿ ತಿರುವಿನಲ್ಲಿ ಮರೆಯಾಗುವಾಗ ನಾನು ಗೇಟು ಹಿಡಿದುಕೊಂಡು ಚೆನ್ನಾಗಿ ಅತ್ತೆ.

ಹೊಸ ಜೀಪು ಬಂತು. ಬಾನೆಟ್ಟಿಗೆ ವಿಭೂತಿ ಎಳೆದು, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು. ಒಂದೆರಡು ದಿನ ಬಡಾವಣೆಯೊಳಗೇ ಇಬ್ಬರೂ ಸುತ್ತಿದೆವು. ಒಂದು ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದರೆ ಮನೆಯ ಮುಂದೆ ಜೀಪಿಲ್ಲ. ಬಾಗಿಲಿಗೆ ಬೀಗ. ಬೀಗ ತೆಗೆದು ಒಳಗೆ ಹೋಗಿ ಫೋನ್ ಮಾಡಿದೆ, ಅವರ ಫೋನು ಟಿವಿ ಪಕ್ಕದಲ್ಲೇ ಬಡಿದುಕೊಂಡಿತು. ಮಂಡಿಯವರಿಗೆ ಮಾಡಿದೆ, ಭದ್ರಾವತಿಯವರಿಗೆ ಮಾಡಿದೆ, ಯಾರಿಗೂ ಗೊತ್ತಿಲ್ಲ. ಊಟ ಬಡಿಸಿಕೊಂಡು ಹಾಗೇ ಮುಚ್ಚಿಟ್ಟೆ. ಸ್ಕೂಟರ್ ಹತ್ತಿ ಸುತ್ತಿ ಬಂದೆ. ಗೇಟಿಗೂ ಅಡುಗೆಮನೆಗೂ ಎಷ್ಟು ಸಲ ಓಡಾಡಿದೆನೋ. ಊಟಕ್ಕೆಂದು ಮುಚ್ಚಿದ ಅಂಗಡಿಯನ್ನು ಮತ್ತೆ ತೆರೆಯಲೇ ಇಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬಂದರು. ಜೀಪಿಗೆ ಕಿಟಕಿಯವರೆಗೆ ಕೆಸರು ಮೆತ್ತಿಕೊಂಡಿತ್ತು. ಹಿಡಿ ಹಿಡಿದು ನಿಧಾನವಾಗಿ ಇಳಿದು, ಊರುಗೋಲು ತೆಗೆದುಕೊಂಡರು.

"ಎಲ್ಲಿಗ್ರೀ ಹೋಗಿದ್ದು? ನನ್ನ ಜೀವ ತೆಗೀಬೇಕು ಅಂತಿದ್ದೀರಾ?"

"ಸುಮ್ನೆ, ಭದ್ರಾವತಿ ಕಡೆ. ನಾಲೆ ಏರಿ ಮೇಲೆ."

"ಒಂದು ಮಾತು ಹೇಳಿ ಹೋಗೋಕಾಗ್ಲಿಲ್ವಾ?"

"ಹೇಳಿದ್ರೆ ನೀನೂ ಬರ್ತಿದ್ದೆ," ಎಂದರು.

ಆ ಮಾತಿನಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ನೇರ ತಾಗಿತು. ಎರಡು ವರ್ಷದಿಂದ ಅವರು ಬಚ್ಚಲಿಗೆ ಹೋದರೂ ನಾನು ಬಾಗಿಲ ಹೊರಗೆ ನಿಂತಿರುತ್ತಿದ್ದೆ.

"ಊಟ ಆಯ್ತಾ?" ಎಂದೆ.

"ಭದ್ರಾವತೀಲಿ ಹೋಟೆಲಲ್ಲಿ ಮಾಡ್ದೆ."

"ಒಬ್ರೇನಾ?"

"ಒಬ್ನೇ," ಎಂದರು. ಮದುವೆಯಾದ ಹೊಸತರಲ್ಲಿ ಕಂಡಿದ್ದ ನಗು ಅವರ ಮುಖದಲ್ಲಿತ್ತು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.