ಸಿಡಿಯ ಮುಖ

ಮೊಳಕಾಲ್ಮೂರಿನ ನಮ್ಮ ಮನೆಗೆ ಹಳೆಯ ಕಂಪ್ಯೂಟರೊಂದು ಬಂದ ವರ್ಷ, ಆಯುಧಪೂಜೆಯ ದಿನ ಅವ್ವ ರೇಷ್ಮೆ ಸೀರೆಯ ಮಗ್ಗಕ್ಕೆ, ಲಾಳಿಗೆ ಕುಂಕುಮವಿಟ್ಟು, ಮಾನಿಟರಿನ ಹಣೆಗೂ ಇಟ್ಟಳು. ಪಕ್ಕದಲ್ಲಿದ್ದ ಹಾಡಿನ ಸಿಡಿಯನ್ನೂ ಬಿಡಲಿಲ್ಲ. ಅದರ ಹೊಳೆಯುವ ಕಡೆಗೇ ಇಟ್ಟಳು.

ಚಳ್ಳಕೆರೆಗೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದ ನನಗೆ ರೇಗಿತು. "ಅಯ್ಯೋ ಅವ್ವ, ಹಾಡು ಇರೋದೇ ಆ ಕಡೆ!"

"ಹೊಳೆಯೋದೇ ಮುಖ ಅಲ್ವೇನೇ? ಮುಖ ಬಿಟ್ಟು ಬೆನ್ನಿಗೆ ಇಡ್ತಾರಾ?"

ಮೆತ್ತನೆಯ ಬಟ್ಟೆಯಿಂದ ಸಿಡಿಯನ್ನು ನಡುವಿನಿಂದ ಅಂಚಿನ ಕಡೆಗೆ ಒರೆಸುತ್ತಾ, ಕಲಿತದ್ದನ್ನೆಲ್ಲ ಒದರಿದೆ. ಮಾನಿಟರ್ ಬರೀ ತೋರಿಸುತ್ತದೆ, ಕೆಲಸವೆಲ್ಲ ಪೆಟ್ಟಿಗೆಯೊಳಗಿನ ಪ್ರೊಸೆಸರಿನದು. ಸಿಡಿಯನ್ನು ಹೊಳಪು ಕೆಳಗೆ ಮಾಡಿ ಡ್ರೈವಿಗೆ ಹಾಕಬೇಕು. ಅದು ತಿರುಗುವಾಗ ಲೇಸರ್ ಎಂಬ ಸಣ್ಣ ಬೆಳಕು ಅಡಿಯಿಂದ, ಎಳೆಯಂಥ ಒಂದೇ ಗೆರೆಯನ್ನು ಒಳಗಿನಿಂದ ಹೊರಕ್ಕೆ ಓದುತ್ತಾ ಹೋಗುತ್ತದೆ.

ಅವ್ವ ಮಗ್ಗದ ಕಡೆ ತಿರುಗಿದಳು. "ನಮ್ಮ ಮಗ್ಗದಂಗೇ ಐತೆ ಬಿಡು. ನೇಯೋವಾಗ ಸೀರೆ ಮುಖ ಕೆಳಗೇ ಇರ್ತೈತಲ್ಲ. ಚಿಕ್ಕೋಳಿದ್ದಾಗ ನೀನು ಮಗ್ಗದಡಿ ಮಲಗಿ ನೋಡ್ತಿರಲಿಲ್ವಾ?"

ನೋಡುತ್ತಿದ್ದೆ. ಮೇಲೆ ಕೂತ ಅವ್ವನಿಗೆ ಕಾಣುತ್ತಿದ್ದದ್ದು ಬರೀ ಎಳೆಗಳ ಬೆನ್ನು. ಕೆಳಗೆ ಮಲಗಿದ ನನ್ನ ಮೇಲೆ ಜರಿಯ ನವಿಲುಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು.

ಸಿಡಿ ಹಾಕಿದೆ, ಹಾಡು ಶುರುವಾಯಿತು. ಪೆಟ್ಟಿಗೆಯ ಕತ್ತಲಲ್ಲಿ ಅಂಗಾತ ಮಲಗಿದ ಆ ಬೆಳಕಿಗೆ ಏನು ಕಾಣುತ್ತಿದೆಯೆಂದು ನನಗೆ ಗೊತ್ತಿತ್ತು.